ಮೊಹಲ್ಲಾ: ನೆರೆಹೊರೆಯ ಬದುಕಿನ ಒಂದು ಇತಿಹಾಸ

ಮೈಸೂರಿನ ಹಳೆಯ ಭಾಗದಲ್ಲಿರುವವರಿಗೆ ಕಾಗದ ಬರೆಯುವಾಗ ವಿಳಾಸದಲ್ಲಿ ‘ಮೊಹಲ್ಲಾ’ ಎಂಬ ಪದ ಬಾರದಿರುವುದು ಅಪರೂಪ. ಕೃಷ್ಣರಾಜ ಮೊಹಲ್ಲಾ, ಚಾಮರಾಜ ಮೊಹಲ್ಲಾ, ದೇವರಾಜ ಮೊಹಲ್ಲಾ, ಲಷ್ಕರ್ ಮೊಹಲ್ಲಾ, ಮಂಡಿ ಮೊಹಲ್ಲಾ, ನಜರ್‌ಬಾದ್ ಮೊಹಲ್ಲಾ ಎಂದು ಊರೇ ಮೊಹಲ್ಲಾಗಳಾಗಿ ಹಂಚಿಹೋಗಿದೆ. ಬೇರೆ ಜಿಲ್ಲೆಗಳಿಂದ ಬಂದವರು ಈ ಪದ ಕೇಳಿದೊಡನೆ, ಅದು ಮುಸ್ಲಿಮರು ವಾಸಿಸುವ ಕೇರಿ ಇರಬೇಕೆಂದು ತಿಳಿಯುತ್ತಾರೆ. ಅವರ ತಪ್ಪೇನೂ ಇಲ್ಲ. ಬಹಳ ಕಡೆ ಈಗ ಆ ಪದಕ್ಕೆ ಅದೇ ಅರ್ಥ ಅಂಟಿಕೊಂಡಿದೆ. ಆದರೆ ಕೃಷ್ಣರಾಜ ಮೊಹಲ್ಲಾದಲ್ಲಿ ಅಗ್ರಹಾರದ ಬೀದಿಗಳಿವೆ, ಲಷ್ಕರ್ ಮೊಹಲ್ಲಾದಲ್ಲಿ ಸಂತ ಫಿಲೋಮಿನಾ ಚರ್ಚು ಇದೆ. ಒಡೆಯರ ಹೆಸರಿನ ಮುಂದೆ ಅರಬ್ಬಿ ಮೂಲದ ಒಂದು ಪದ ಯಾವ ಮುಜುಗರವೂ ಇಲ್ಲದೆ ಕೂತಿದೆ. ಇದು ಹೇಗಾಯಿತು, ಆ ಮೊಹಲ್ಲಾಗಳ ಬೀದಿಗಳಲ್ಲಿ ಜನ ಹೇಗೆ ಬಾಳಿದರು, ಹೇಗೆ ನಕ್ಕರು, ಎಲ್ಲಿ ಅವರ ನಡುವೆ ಗೆರೆ ಇತ್ತು ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಪದದ ವಿಚಾರ. ಉರ್ದು ಪಾಠ ಮಾಡುವವನಿಗೆ ಪದದ ಬೇರು ಹುಡುಕುವ ಚಟ ಸಹಜ, ಓದುಗರು ಕ್ಷಮಿಸಬೇಕು. ಅರಬ್ಬಿಯಲ್ಲಿ ‘ಹಲ್ಲ’ ಎಂಬ ಧಾತುವಿಗೆ ಗಂಟು ಬಿಚ್ಚು ಎಂದು ಅರ್ಥ. ಪ್ರಯಾಣಿಕನು ಒಂಟೆಯ ಮೇಲಿನ ಹೊರೆಯ ಗಂಟು ಬಿಚ್ಚಿದ ಜಾಗವೇ ಅವನು ತಂಗಿದ ಜಾಗ. ಹಾಗೆ ‘ಮಹಲ್ಲ’ ಎಂದರೆ ಇಳಿದುಕೊಳ್ಳುವ ತಾಣ, ಅನಂತರ ವಾಸದ ಬೀದಿ. ಈ ಪದ ಫಾರಸಿಯ ಮೂಲಕ ಸಮರಖಂದ, ಇಸ್ತಾಂಬುಲ್, ದೆಹಲಿ, ಹೈದರಾಬಾದು ಎಲ್ಲ ಕಡೆ ಹಬ್ಬಿತು. ಉಜ್ಬೇಕಿಸ್ತಾನದಲ್ಲಿ ಇಂದಿಗೂ ‘ಮಹಲ್ಲಾ’ ಎನ್ನುವುದು ಸ್ಥಳೀಯ ಆಡಳಿತದ ಒಂದು ಘಟಕವೇ ಆಗಿದೆ.

ಅಬುಲ್ ಫಜಲನ ‘ಆಯಿನೆ ಅಕ್ಬರಿ’ಯಲ್ಲಿ ಕೊತ್ವಾಲನ ಕರ್ತವ್ಯಗಳ ಪಟ್ಟಿ ಇದೆ. ಕೊತ್ವಾಲನು ನಗರವನ್ನು ಮೊಹಲ್ಲಾಗಳಾಗಿ ವಿಂಗಡಿಸಬೇಕು, ಮನೆಗಳ ಪಟ್ಟಿ ಇಡಬೇಕು, ಒಂದೊಂದು ಮೊಹಲ್ಲಾಕ್ಕೂ ಒಬ್ಬ ಮುಖ್ಯಸ್ಥನನ್ನು ನೇಮಿಸಬೇಕು. ಅಲ್ಲಿಯ ನಿವಾಸಿಗಳು ಒಬ್ಬರಿಗೊಬ್ಬರು ನೆರವಾಗುವಂತೆ, ಸುಖದುಃಖಗಳಲ್ಲಿ ಭಾಗಿಗಳಾಗುವಂತೆ ಅವರಿಂದ ಜಾಮೀನು ಪಡೆಯಬೇಕು ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಪೊಲೀಸು ಅಧಿಕಾರಿಯ ಕರ್ತವ್ಯದಲ್ಲಿ ನೆರೆಯವರ ಸುಖದುಃಖ ಸೇರಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇದರಲ್ಲಿ ಪ್ರೀತಿಯ ಜೊತೆಗೆ ಕಾವಲೂ ಇದೆ. ಯಾರು ಬಂದರು, ಯಾರು ಹೋದರು ಎಂಬ ವರದಿ ದಿನವೂ ಕೊತ್ವಾಲನಿಗೆ ತಲುಪಬೇಕಿತ್ತು. ಉಸ್ಮಾನಿ ತುರ್ಕರ ನಗರಗಳಲ್ಲಿಯೂ ಹೀಗೆಯೇ. ಹೊಸಬನೊಬ್ಬ ಮೊಹಲ್ಲಾಕ್ಕೆ ಬರಬೇಕಾದರೆ ಅವನಿಗೆ ಜಾಮೀನು ನಿಲ್ಲುವವರು ಬೇಕಿತ್ತು. ನಡತೆ ಕೆಟ್ಟವರನ್ನು ನೆರೆಯವರೇ ಸೇರಿ ಕಾಜಿಯ ಮುಂದೆ ದೂರಿ ಹೊರಗೆ ಹಾಕಿಸುತ್ತಿದ್ದರು. ಜೊತೆಗೆ ಮೊಹಲ್ಲಾದ ಬಡವರ ಪಾಲಿನ ತೆರಿಗೆ ಕಟ್ಟುವುದಕ್ಕೆಂದೇ ಕೆಲವು ಮೊಹಲ್ಲಾಗಳಲ್ಲಿ ವಕ್ಫ್ ನಿಧಿಗಳಿದ್ದವು. ನೆರೆಹೊರೆ ಎಂಬುದು ಆಸರೆ ಮತ್ತು ಕಣ್ಗಾವಲು ಎರಡೂ ಆಗಿತ್ತು. ನಮ್ಮ ಬೀದಿಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ.

ಈಗ ಮೈಸೂರಿಗೆ ಬರೋಣ. ಟಿಪ್ಪು ಸುಲ್ತಾನನು ಹಳೆಯ ಮೈಸೂರಿನ ಕೋಟೆಯನ್ನು ಕೆಡವಿಸಿ, ಪೂರ್ವ ದಿಕ್ಕಿನ ದಿಣ್ಣೆಯ ಮೇಲೆ ನಜರ್‌ಬಾದ್ ಎಂಬ ಹೊಸ ಊರು ಕಟ್ಟಲು ತೊಡಗಿದ್ದನು. ಅದು ಮುಗಿಯುವ ಮೊದಲೇ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ರಾಜಧಾನಿ ಇಲ್ಲಿಗೆ ಬಂದಿತು. ನಜರ್‌ಬಾದಿಗೆಂದು ಒಯ್ದಿದ್ದ ಕಲ್ಲುಗಳು ಮತ್ತೆ ಮೈಸೂರಿನ ಕೋಟೆ ಕಟ್ಟಲು ವಾಪಸು ಬಂದವು. ಕಲ್ಲು ಹಿಂದಿರುಗಿತು, ಆದರೆ ನಜರ್‌ಬಾದ್ ಎಂಬ ಹೆಸರು ಉಳಿಯಿತು. ಹೊಸ ದೊರೆತನ ಹಳೆಯ ಆಡಳಿತದ ಪದಗಳನ್ನು ಬಿಸಾಡಲಿಲ್ಲ. ಅಮಲ್ದಾರ, ಶಿರಸ್ತೇದಾರ, ಕಚೇರಿ, ಖಜಾನೆ ಇವೆಲ್ಲ ಮುಂದುವರಿದವು. ಅವುಗಳ ಜೊತೆಗೇ ಮೊಹಲ್ಲಾ ಕೂಡ. ಸೈನ್ಯವಿದ್ದ ಕಡೆ ಲಷ್ಕರ್, ಸಗಟು ವ್ಯಾಪಾರವಿದ್ದ ಕಡೆ ಮಂಡಿ, ಉಳಿದ ಕಡೆಗೆ ಅರಸರ ಹೆಸರು. ಆದ್ದರಿಂದ ಮೈಸೂರಿನ ಮೊಹಲ್ಲಾ ಒಂದು ಕೋಮಿನ ಹೆಸರಲ್ಲ, ಊರಿನ ವಿಭಾಗದ ಹೆಸರು. ಒಂದೇ ಮೊಹಲ್ಲಾದಲ್ಲಿ ಅಗ್ರಹಾರ, ಕೇರಿ, ಪೇಟೆ, ಗಲ್ಲಿ ಎಲ್ಲವೂ ಇರಬಹುದಿತ್ತು.

ಹಾಗೆಂದು ಎಲ್ಲರೂ ಎಲ್ಲರ ಪಕ್ಕದಲ್ಲಿಯೇ ಇದ್ದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಬೀದಿಬೀದಿಗೂ ಜಾತಿ ಇತ್ತು, ಕಸುಬು ಇತ್ತು. ಆದರೆ ಬೀದಿಗಳು ಚಿಕ್ಕವು. ಒಂದು ಬೀದಿಯ ತುದಿ ಇನ್ನೊಂದು ಬೀದಿಯ ಮೊದಲು. ಮಸೀದಿಯ ಅಜಾನು, ಗುಡಿಯ ಗಂಟೆ, ಚರ್ಚಿನ ಗಂಟೆ ಒಂದೇ ಗಾಳಿಯಲ್ಲಿ ಬರುತ್ತಿದ್ದವು. ಹಾಲಿನವನು, ಸೌದೆಯವನು, ಬಳೆಗಾರ, ಕಲಾಯಿ ಹಾಕುವ ಸಾಬರು, ಹಾಸಿಗೆಯ ಹತ್ತಿ ಹಿಂಜುವ ಪಿಂಜಾರರು ಎಲ್ಲ ಬೀದಿಗಳಿಗೂ ಸೇರಿದವರಾಗಿದ್ದರು.

ನೆರೆಹೊರೆಯ ಬದುಕಿಗೆ ಮನೆ ಕಟ್ಟುವ ರೀತಿಯೇ ಆಧಾರ. ಹಳೆಯ ಮನೆಗಳಿಗೆ ಕಾಂಪೌಂಡು ಇರಲಿಲ್ಲ. ಬಾಗಿಲ ಎರಡೂ ಪಕ್ಕ ಜಗಲಿ. ಜಗಲಿ ಮನೆಯವರದೂ ಹೌದು, ಬೀದಿಯವರದೂ ಹೌದು. ದಾರಿಹೋಕ ದಣಿವಾರಿಸಿಕೊಳ್ಳಲು ಕೂತರೆ ಯಾಕೆಂದು ಕೇಳುವಂತಿರಲಿಲ್ಲ. ಸಂಜೆ ಗಂಡಸರು ಅಲ್ಲಿ ಪತ್ರಿಕೆ ಓದಿಸಿ ಕೇಳುತ್ತಿದ್ದರು. ಓದು ಬಂದವನೊಬ್ಬ, ಕೇಳುವವರು ಹತ್ತು ಜನ. ಮುಸ್ಲಿಂ ಮನೆಗಳ ಬಾಗಿಲಿಗೆ ಪರದೆ. ಪರದೆಯ ಹಿಂದೆ ದಾಲಾನು, ಅಂಗಳ. ಗೋಷಾ ಪಾಲಿಸುವ ಹೆಂಗಸರು ಹೊರಗೆ ಹೊರಟರೆ ಜಟಕಾ ಗಾಡಿಗೂ ಪರದೆ ಕಟ್ಟುತ್ತಿದ್ದರು. ಆದರೆ ಇದನ್ನು ನೋಡಿ ಅವರು ಯಾರೊಡನೆಯೂ ಬೆರೆಯದೆ ಇದ್ದರೆಂದು ಬರೆಯುವವರು ಹಿತ್ತಿಲ ಬಾಗಿಲನ್ನು ಮರೆತಿರುತ್ತಾರೆ. ಹೆಂಗಸರ ಬೀದಿ ಇದ್ದದ್ದು ಮನೆಯ ಹಿಂದೆ. ಹಿತ್ತಿಲಿನಿಂದ ಹಿತ್ತಿಲಿಗೆ ಒಂದು ಸಣ್ಣ ಬಾಗಿಲು, ಇಲ್ಲವೇ ಮೋಟು ಗೋಡೆ. ಕರಿಬೇವು, ಕೆಂಡ, ಹೆಪ್ಪಿನ ಮೊಸರು, ಒಂದು ಲೋಟ ಸಕ್ಕರೆ, ಬಾಣಂತಿಯ ಔಷಧಿ, ಮಗಳ ಗಂಡನ ಮನೆಯ ಸುದ್ದಿ ಎಲ್ಲವೂ ಆ ಗೋಡೆ ದಾಟುತ್ತಿದ್ದವು. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಅರಮನೆಯ ಹೆಬ್ಬಾಗಿಲುಗಳ ವರ್ಣನೆ ಬೇಕಾದಷ್ಟಿದೆ. ಹಿತ್ತಿಲ ಬಾಗಿಲಿನ ಬಗ್ಗೆ ಒಂದು ಪುಟವೂ ಇಲ್ಲ ಎನ್ನುವುದು ನನ್ನ ಬಹುದಿನದ ತಕರಾರು.

ಕರೆಯುವ ರೀತಿಯನ್ನು ನೋಡಿ. ಹಳೆಯ ಬೀದಿಗಳಲ್ಲಿ ಹೆಸರು ಹಿಡಿದು ಕರೆಯುವುದು ಕಡಿಮೆ. ಮುಸ್ಲಿಂ ಮಕ್ಕಳು ಪಕ್ಕದ ಮನೆಯ ಹಿರಿಯ ಹೆಂಗಸನ್ನು ಅಜ್ಜಿ ಎನ್ನುತ್ತಿದ್ದರು, ಆಕೆಯ ಸೊಸೆಯನ್ನು ಅಕ್ಕ ಎನ್ನುತ್ತಿದ್ದರು. ಆ ಮನೆಯ ಮಕ್ಕಳು ಈ ಮನೆಯ ಹಿರಿಯರನ್ನು ಚಾಚಾ ಎಂದೋ, ಸಾಬರೇ ಎಂದೋ, ಬೂಬಮ್ಮ ಎಂದೋ ಕರೆಯುತ್ತಿದ್ದರು. ಅಡ್ಡಹೆಸರುಗಳೂ ಇದ್ದವು. ನಲ್ಲಿ ಮನೆ ಅಜ್ಜಿ, ರೇಡಿಯೋ ಮನೆಯವರು, ಸೋಡಾ ಸಾಬರು. ನಂಟಸ್ತಿಕೆಯ ಪದ ಹಚ್ಚಿದ ಮೇಲೆ ಒಂದು ಕಟ್ಟುಪಾಡು ಬರುತ್ತದೆ. ಚಾಚಾ ಎನಿಸಿಕೊಂಡವರು ತಪ್ಪು ಮಾಡಿದ ಹುಡುಗನ ಕಿವಿ ಹಿಂಡಬಹುದು. ಅದನ್ನು ಹುಡುಗನ ತಂದೆ ಪ್ರಶ್ನಿಸುವಂತಿಲ್ಲ. ಪ್ರಶ್ನಿಸಿದರೆ ಎರಡನೆಯ ಕಿವಿಯೂ ಹೋಗುತ್ತಿತ್ತು ಎಂದು ಹಿರಿಯರು ತಮಾಷೆಗೆ ಹೇಳುತ್ತಾರೆ.

ತಮಾಷೆ ಎಂದಾಗ ಇನ್ನೊಂದು ಪದದ ಮಾತು. ಕನ್ನಡದಲ್ಲಿ ನಗು ಮತ್ತು ವಿನೋದಕ್ಕೆ ಬಳಕೆಯಾಗುವ ದಿನಬಳಕೆಯ ಪದಗಳನ್ನು ಪಟ್ಟಿ ಮಾಡಿದರೆ ತಮಾಷೆ, ಮಜಾ, ಖುಷಿ, ಮಸ್ಕಿರಿ, ಶೋಕಿ ಎಂದು ಸಾಲು ಬರುತ್ತದೆ. ಇವೆಲ್ಲ ಅರಬ್ಬಿ ಫಾರಸಿಗಳಿಂದ ಉರ್ದು, ದಖನಿಗಳ ದಾರಿಯಲ್ಲಿ ಬಂದವು. ಅದರಲ್ಲೂ ‘ತಮಾಷಾ’ ಪದದ ಅರಬ್ಬಿ ಮೂಲಕ್ಕೆ ಜೊತೆಯಾಗಿ ನಡೆಯುವುದು ಎಂದು ಅರ್ಥ. ಜೊತೆಗೂಡಿ ತಿರುಗಾಡಲು ಹೋಗಿ ನೋಡಿದ ನೋಟ ತಮಾಷೆಯಾಯಿತು. ಕಂದಾಯದ ಪದಗಳನ್ನು ಸರಕಾರ ಹೇರಬಹುದು, ಆದರೆ ನಗುವ ಪದಗಳನ್ನು ಯಾವ ಸರಕಾರವೂ ಹೇರಲಾರದು. ಅವು ಜಗಲಿಯ ಮೇಲೆಯೇ ಕೈ ಬದಲಾಗಿರಬೇಕು. ಇತ್ತ ಮೈಸೂರು ಕಡೆಯ ನಮ್ಮ ಮನೆಯ ಉರ್ದುವಿನಲ್ಲಿ ಎಷ್ಟು ಕನ್ನಡ ಸೇರಿದೆ ಎಂಬುದನ್ನು ಲಕ್ನೋದವರ ಮುಂದೆ ಎರಡು ಮಾತಾಡಿದರೆ ಅವರೇ ನಕ್ಕು ತಿಳಿಸುತ್ತಾರೆ.

ಬೀದಿಯ ಆಟಗಳ ವಿಷಯದಲ್ಲಿ ಮೈಸೂರಿಗೆ ಒಂದು ವಿಶೇಷ ಸ್ಥಾನವಿದೆ. ಆಡಳಿತ 1831ರಲ್ಲಿ ಬ್ರಿಟಿಷರ ಕೈಸೇರಿದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಸಾಹಿತ್ಯ, ಕಲೆ, ಆಟಗಳಿಗೆ ಮನಸ್ಸು ಕೊಟ್ಟರು. ಅವರ ‘ಶ್ರೀತತ್ತ್ವನಿಧಿ’ ಎಂಬ ಮಹಾ ಗ್ರಂಥದ ಕೌತುಕನಿಧಿ ಭಾಗ ಆಟಗಳಿಗೇ ಮೀಸಲು. ಚದುರಂಗದ ಕುದುರೆ ಒಂದೊಂದು ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಿ ಇಡೀ ಹಾಸನ್ನು ಸುತ್ತುವ ಲೆಕ್ಕಗಳನ್ನು ಅವರು ರಚಿಸಿದರು. ಗಂಜೀಫಾ ಎಲೆಗಳ ಹೊಸ ಹೊಸ ಕಟ್ಟುಗಳನ್ನು ಕಲ್ಪಿಸಿದರು.

ಈ ಗಂಜೀಫಾದ ಕಥೆಯೇ ನೆರೆಹೊರೆಯ ಕಥೆ. ಹೆಸರು ಫಾರಸಿ. ಬಾಬರನು 1527ರಲ್ಲಿ ಸಿಂಧಿನ ಶಾಹ್ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಕಥೆಯಲ್ಲಿದೆ. ಮೊಗಲರ ಕಟ್ಟಿನಲ್ಲಿ 8 ಬಣ್ಣ, 96 ಎಲೆ. ತಾಜ್, ಶಂಶೇರ್, ಗುಲಾಮ್ ಮುಂತಾದವು ಬಣ್ಣಗಳ ಹೆಸರು. ಅದೇ ಆಟ ಹಿಂದೂ ಮನೆಗಳಿಗೆ ಬಂದಾಗ ದಶಾವತಾರದ ಚಿತ್ರ ಧರಿಸಿ 10 ಬಣ್ಣ, 120 ಎಲೆಯಾಯಿತು. ಮೈಸೂರಿನ ಅರಮನೆಯಲ್ಲಿ ಬಣ್ಣಗಳ ಸಂಖ್ಯೆ 18ರವರೆಗೂ ಬೆಳೆಯಿತು. ಆಟದ ನಿಯಮದ ಎಲುಬು ಒಂದೇ, ಮೈಮೇಲಿನ ಬಟ್ಟೆ ಬೇರೆ. ಇಂದು ಮೈಸೂರು ಗಂಜೀಫಾ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆಡುವವರು ಮಾತ್ರ ಸಿಗುವುದು ಕಷ್ಟ.

ಅರಮನೆಯ ಗಂಜೀಫಾಕ್ಕಿಂತ ಬೀದಿಯ ಚೌಕಾಬಾರ ಬಹುಕಾಲ ಬಾಳಿತು. ಅದಕ್ಕೆ ಖರ್ಚಿಲ್ಲ. ಜಗಲಿಯ ಕಲ್ಲಿನ ಮೇಲೆ ಸೀಮೆಸುಣ್ಣದಿಂದ 25 ಮನೆ ಬರೆದರೆ ಆಯಿತು. ನಾಲ್ಕು ಕವಡೆ, ಇಲ್ಲವೇ ಒಂದು ಕಡೆ ತೇಯ್ದ ಹುಣಸೆ ಬೀಜ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಎಂದರೆ ನಾಲ್ಕು. ನಾಲ್ಕೂ ಮಗುಚಿ ಬಿದ್ದರೆ ಎಂಟು. ಎದುರಾಳಿಯ ಕಾಯಿ ಇರುವ ಮನೆಗೆ ಬಿದ್ದರೆ ಹೊಡೆದು ಹಾಕಬಹುದು, ಕಟ್ಟೆಯಲ್ಲಿದ್ದರೆ ಹೊಡೆಯುವಂತಿಲ್ಲ, ಒಳಗೆ ಹೋದ ಕಾಯಿ ಹಣ್ಣಾಯಿತು. ಅತ್ತೆ ಸೊಸೆಯರು, ಅಜ್ಜಿ ಮೊಮ್ಮಕ್ಕಳು, ಎದುರು ಮನೆಯವರು ಎಲ್ಲರೂ ಆಡುವ ಆಟ ಇದು. ಅತ್ತೆಯ ಕಾಯಿಯನ್ನು ಸೊಸೆ ಹೊಡೆಯುವುದಕ್ಕೆ ಇದೊಂದೇ ಸ್ಥಳದಲ್ಲಿ ಅಪ್ಪಣೆ ಇತ್ತು! ಪಚೀಸಿ, ಪಗಡೆ, ಚೌಕಾಬಾರ ಇವೆಲ್ಲ ಒಂದೇ ಕುಟುಂಬದ ಆಟಗಳು. ಫತೇಪುರ ಸಿಕ್ರಿಯ ಅಂಗಳದಲ್ಲಿ ಕಲ್ಲಿನ ಮೇಲೆ ಬರೆದ ದೊಡ್ಡ ಪಚೀಸಿ ಹಾಸು ಈಗಲೂ ಇದೆ.

ಹುಡುಗರದು ಬೇರೆ ಲೋಕ. ಲಗೋರಿ, ಗೋಲಿ, ಬುಗುರಿ, ಚಿನ್ನಿದಾಂಡು. ಚಿನ್ನಿದಾಂಡನ್ನು ನಮ್ಮವರು ಗಿಲ್ಲಿದಂಡಾ ಎನ್ನುತ್ತಾರೆ. ಚಿನ್ನಿ ತಗುಲಿ ಒಡೆದ ಕಿಟಕಿ ಗಾಜಿಗೆ ಎರಡೂ ಭಾಷೆಯಲ್ಲಿ ಬೈಗುಳ ಬೀಳುತ್ತಿತ್ತು. ಆಷಾಢದ ಗಾಳಿ ಬಂದರೆ ಮಾಳಿಗೆಗಳ ಮೇಲೆ ಗಾಳಿಪಟ. ಮಾಂಜಾ ಅರೆಯುವ ಕೈ ಒಂದು ಮನೆಯದು, ಅನ್ನದ ಅಂಟು ಇನ್ನೊಂದು ಮನೆಯದು. ಬೆಳೆದ ಹುಡುಗರಿಗೆ ಗರಡಿ ಮನೆ. ಕೆಮ್ಮಣ್ಣಿನ ಅಖಾಡದಲ್ಲಿ ಮೈಗೆ ಮಣ್ಣು ಮೆತ್ತಿಕೊಂಡ ಮೇಲೆ ಯಾರು ಯಾವ ಮನೆಯವರೆಂದು ಹೇಳುವುದು ಕಷ್ಟ. ಉಸ್ತಾದ್, ಪೈಲ್ವಾನ್ ಎಂಬ ಪದಗಳು ಫಾರಸಿಯಿಂದ ಬಂದವು, ಗರಡಿಯ ಗೂಡಿನಲ್ಲಿ ಹನುಮಂತ. ಗೆದ್ದವನ ಮೆರವಣಿಗೆ ಇಡೀ ಬೀದಿಯದು.

ಹಬ್ಬಗಳು ಬಂದರೆ ಬೀದಿಯೇ ಅಂಗಳ. ದಸರಾದಲ್ಲಿ ಬೊಂಬೆ ಕೂರಿಸಿದ ಮನೆಗಳಿಗೆ ಬೀದಿಯ ಮಕ್ಕಳೆಲ್ಲ ಬೊಂಬೆ ನೋಡುವ ನೆಪದಲ್ಲಿ ನುಗ್ಗುತ್ತಿದ್ದರು. ನಿಜವಾದ ಗುರಿ ಬೊಂಬೆ ತಿಂಡಿ. ರಂಜಾನಿನಲ್ಲಿ ಸಹರಿಗೆ ಎಬ್ಬಿಸಲು ಫಕೀರರು ದಫ್ ಬಾರಿಸುತ್ತ ಬೀದಿ ಸುತ್ತುತ್ತಿದ್ದರು. ಅದರಿಂದ ಪರೀಕ್ಷೆಗೆ ಓದುವ ಅಗ್ರಹಾರದ ಹುಡುಗರೂ ಏಳುತ್ತಿದ್ದರಂತೆ. ಸಂಜೆ ಮಸೀದಿಯ ಗಂಜಿಗೆ ತಂಬಿಗೆ ಹಿಡಿದು ಬರುವವರಲ್ಲಿ ಎಲ್ಲ ಬಗೆಯ ಮಕ್ಕಳೂ ಇರುತ್ತಿದ್ದರು. ಮೊಹರಂ ಅನ್ನು ಹಳೆ ಮೈಸೂರಿನ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬ ಎಂದೇ ಕರೆಯುವುದು. ಹುಲಿವೇಷ ಹಾಕುವವರು, ಹರಕೆ ಹೊತ್ತವರು ಬಹುಪಾಲು ಹಿಂದೂಗಳು. ಉತ್ತರ ಕರ್ನಾಟಕದಲ್ಲಂತೂ ಒಂದೇ ಒಂದು ಮುಸ್ಲಿಂ ಮನೆ ಇಲ್ಲದ ಊರುಗಳಲ್ಲೂ ಮೊಹರಂ ನಡೆಯುತ್ತದೆ. ಈ ಆಚರಣೆಗಳ ಬಗ್ಗೆ ಧರ್ಮದ ದೃಷ್ಟಿಯಿಂದ ನಮ್ಮ ಹಿರಿಯರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಆ ಚರ್ಚೆ ನಡೆಸಲು ಬೇರೆ ವೇದಿಕೆ ಇದೆ. ಇತಿಹಾಸ ಬರೆಯುವವನು ಇದ್ದದ್ದನ್ನು ಇದ್ದಂತೆ ಹೇಳಬೇಕಾಗುತ್ತದೆ.

ಮದುವೆ ಮನೆಯ ನಗುವನ್ನು ಬಿಡುವಂತಿಲ್ಲ. ದಖನಿ ಮುಸ್ಲಿಂ ಮನೆಗಳಲ್ಲಿ ಮದುವೆಗೆ ಮುಂಚಿನ ರಾತ್ರಿಗಳಲ್ಲಿ ಹೆಂಗಸರು ಢೋಲಕ್ ಇಟ್ಟುಕೊಂಡು ಹಾಡುವ ಪದ್ಧತಿ ಇದೆ. ಆ ಹಾಡುಗಳಲ್ಲಿ ಬೀಗತಿಯನ್ನು ಗೇಲಿ ಮಾಡುವುದೇ ಮುಖ್ಯ. ಆಕೆಯ ಜಿಪುಣತನ, ಆಕೆಯ ನಡಿಗೆ, ಆಕೆ ತಂದ ಸೀರೆಯ ಬಣ್ಣ ಯಾವುದನ್ನೂ ಬಿಡುವುದಿಲ್ಲ. ಕನ್ನಡದ ಮದುವೆಗಳಲ್ಲಿಯೂ ಬೀಗರನ್ನು ಹಾಸ್ಯ ಮಾಡುವ ಹಾಡುಗಳು ಧಾರಾಳವಾಗಿವೆ. ಎರಡೂ ಕಡೆ ಒಂದೇ ಕಟ್ಟಳೆ: ಹಾಡಿನಲ್ಲಿ ಅಂದದ್ದಕ್ಕೆ ಸಿಟ್ಟಾಗಬಾರದು. ಇಂಥ ರಾತ್ರಿಗಳಿಗೆ ಪಕ್ಕದ ಮನೆಯವರು ಬಂದು ಕೂರುತ್ತಿದ್ದರು, ಹಾಡು ಅರ್ಥವಾಗದಿದ್ದರೂ ನಗು ಅರ್ಥವಾಗುತ್ತಿತ್ತು. ಈದಿಗೆ ಮುಂಚೆ ಮಾಳಿಗೆಯ ಮೇಲೆ ಶಾವಿಗೆ ಒಣಗಿಸುವಾಗ, ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಇಡುವಾಗ ಕಾಗೆ ಕಾಯುವ ಕೆಲಸ ಬೀದಿಯ ಮಕ್ಕಳಿಗೆ. ಅರ್ಧ ಒಣಗಿದ ಸಂಡಿಗೆ ಕಾಗೆಗಿಂತ ಕಾವಲುಗಾರರ ಹೊಟ್ಟೆಗೇ ಹೆಚ್ಚು ಹೋಗುತ್ತಿತ್ತು.

ಆದರೆ ಊಟದ ವಿಷಯಕ್ಕೆ ಬಂದಾಗ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಅವನ್ನು ಮುಚ್ಚಿಡುವುದರಿಂದ ಲಾಭವಿಲ್ಲ. ಅಗ್ರಹಾರದ ಮನೆಗೆ ಬೇಯಿಸಿದ ಅಡುಗೆ ಕಳುಹಿಸುವಂತಿರಲಿಲ್ಲ. ಆದ್ದರಿಂದ ಈದಿನ ದಿನ ಹಸಿ ಶಾವಿಗೆ, ಸಕ್ಕರೆ, ದ್ರಾಕ್ಷಿ ಗೋಡಂಬಿ, ಹಾಲು, ಹಣ್ಣು ತಟ್ಟೆಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿ ಕಳುಹಿಸುವುದು ರೂಢಿಯಾಯಿತು. ಸ್ವಯಂಪಾಕ ಎಂಬ ಪದ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ತಟ್ಟೆ ಖಾಲಿಯಾಗಿ ಹಿಂದಿರುಗುವಂತಿರಲಿಲ್ಲ. ಏನಿಲ್ಲವಾದರೂ ಒಂದು ತೆಂಗಿನಕಾಯಿ, ಬೆಲ್ಲದ ಚೂರು ಅದರಲ್ಲಿ ಬರಬೇಕು. ಕೆಲವರು ಇದನ್ನು ಸೌಹಾರ್ದ ಎನ್ನುತ್ತಾರೆ, ಕೆಲವರು ಅವಮಾನ ಎನ್ನುತ್ತಾರೆ. ನನಗೆ ಎರಡೂ ಪೂರ್ತಿ ನಿಜವೆನಿಸುವುದಿಲ್ಲ. ಗೆರೆಯನ್ನು ಅಳಿಸುವ ಧೈರ್ಯ ಇಲ್ಲದ ಜನ, ಗೆರೆಯ ಮೇಲಿನಿಂದ ತಟ್ಟೆ ದಾಟಿಸುವ ಉಪಾಯ ಕಂಡುಕೊಂಡಿದ್ದರು.

ಎಲ್ಲರಿಗೂ ಆ ತಟ್ಟೆಯೂ ತಲುಪುತ್ತಿರಲಿಲ್ಲ. ಬೀದಿಯ ಪಾಯಖಾನೆಗಳನ್ನು ಶುಚಿ ಮಾಡಲು ಹಿಂದಿನ ಕನ್ಸರ್ವೆನ್ಸಿ ಗಲ್ಲಿಯಿಂದ ಬರುತ್ತಿದ್ದವರು ಯಾವ ಜಗಲಿಯ ಮೇಲೂ ಕೂರಲಿಲ್ಲ, ಹಿಂದೂ ಜಗಲಿಯೂ ಅಲ್ಲ, ನಮ್ಮ ಜಗಲಿಯೂ ಅಲ್ಲ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಲ್ಲಿಸಲು 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು ಹಟ ತೊಡಬೇಕಾಯಿತು. ಹಳೆಯ ನೆರೆಹೊರೆಯನ್ನು ಹೊಗಳುವ ಲೇಖನಗಳಲ್ಲಿ ಈ ಜನರ ಹೆಸರು ಬರುವುದೇ ಇಲ್ಲ.

1898ರಲ್ಲಿ ಪ್ಲೇಗು ಸಂಸ್ಥಾನಕ್ಕೆ ಕಾಲಿಟ್ಟಾಗ ಈ ಬೀದಿಗಳ ಬದುಕು ಅಲುಗಾಡಿತು. ಜನ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಒತ್ತಾಗಿದ್ದ ಮನೆಗಳು, ಗಾಳಿ ಬೆಳಕಿಲ್ಲದ ಗಲ್ಲಿಗಳು ರೋಗಕ್ಕೆ ಕಾರಣವೆಂದು ಸರಕಾರ ತೀರ್ಮಾನಿಸಿತು. 1903ರಲ್ಲಿ ಮೈಸೂರು ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಸ್ಥಾಪನೆಯಾಯಿತು. ಅಗಲವಾದ ರಸ್ತೆ, ಅಳತೆ ಮಾಡಿದ ಸೈಟು, ಮನೆಯ ಸುತ್ತ ಕಾಂಪೌಂಡು, ಮನೆಗೊಂದು ನಲ್ಲಿ ಎಂಬುದು ಹೊಸ ಬಡಾವಣೆಗಳ ಮಾದರಿಯಾಯಿತು. ಆರೋಗ್ಯಕ್ಕೆ ಒಳ್ಳೆಯದೇ ಆಯಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಜಗಲಿ ಇದ್ದ ಜಾಗಕ್ಕೆ ಗೇಟು ಬಂತು. ಬೀದಿ ನಲ್ಲಿಯ ಮುಂದಿನ ಬಿಂದಿಗೆಯ ಸಾಲೂ, ಆ ಸಾಲಿನ ಜಗಳವೂ, ಜಗಳದ ಮರುದಿನದ ರಾಜಿಯೂ ಕಡಿಮೆಯಾದವು.

ಹೊಸ ಬಡಾವಣೆಗಳು ಹೊಸ ಬಗೆಯ ಕೂಟವನ್ನೂ ತಂದವು ಎನ್ನಬೇಕು. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿ ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಳಸಿದರು. ರೇಡಿಯೋ ಇದ್ದ ಒಂದು ಮನೆಯ ಕಿಟಕಿಯ ಕೆಳಗೆ ಬೀದಿಯೇ ಸೇರುತ್ತಿತ್ತು. ಐವತ್ತು ವರ್ಷಗಳ ನಂತರ ಟಿ.ವಿ. ಬಂದಾಗಲೂ ಹಾಗೆಯೇ ಆಯಿತು. 1988ರಿಂದ 1990ರವರೆಗೆ ಭಾನುವಾರ ಬೆಳಿಗ್ಗೆ ಟಿ.ವಿ. ಇದ್ದವರ ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಮಹಾಭಾರತ ನೋಡಿದರು. ಅದರ ಸಂಭಾಷಣೆ ಬರೆದವರು ರಾಹೀ ಮಾಸೂಮ್ ರಜಾ. ಪ್ರತಿ ಮನೆಗೂ ಟಿ.ವಿ. ಬಂದ ಮೇಲೆ ಚಾಪೆ ಸುತ್ತಿಟ್ಟರು.

ಕೊನೆಗೆ ಒಂದು ಕಠಿಣ ಪ್ರಶ್ನೆ. ನೆರೆಯವನು ಯಾರಾಗಬೇಕು ಎಂದು ತೀರ್ಮಾನಿಸುವವರು ಯಾರು? ಇಸ್ಲಾಮೀ ಕಾನೂನಿನಲ್ಲಿ ‘ಶುಫಾ’ ಎಂಬ ಹಕ್ಕು ಇದೆ. ಮನೆ ಮಾರಾಟವಾದರೆ ಅದನ್ನು ಅದೇ ಬೆಲೆಗೆ ಮೊದಲು ಕೊಳ್ಳುವ ಹಕ್ಕು ಪಾಲುದಾರನಿಗೆ. ಆಮೇಲೆ ದಾರಿ, ನೀರು ಹಂಚಿಕೊಂಡವನಿಗೆ. ಹನಫಿ ಪಂಥದ ಪ್ರಕಾರ ಆಮೇಲೆ ಪಕ್ಕದ ಮನೆಯವನಿಗೆ. ಸುದ್ದಿ ಕಿವಿಗೆ ಬಿದ್ದ ಕೂಡಲೇ ಹಕ್ಕು ಘೋಷಿಸಬೇಕು, ನಿಧಾನ ಮಾಡಿದರೆ ಹಕ್ಕು ಹೋಯಿತು. ಇದು ಎಷ್ಟು ಬಳಕೆಗೆ ಬಂತೆಂದರೆ ಬಿಹಾರ, ಗುಜರಾತುಗಳ ಕೆಲವು ಕಡೆ ಹಿಂದೂಗಳೂ ಇದನ್ನು ರೂಢಿಯಾಗಿ ಪಾಲಿಸಿದರು, ಬ್ರಿಟಿಷ್ ನ್ಯಾಯಾಲಯಗಳೂ ಒಪ್ಪಿದವು. ಅಹಮದಾಬಾದಿನ ‘ಪೋಳ್’ಗಳಲ್ಲಿ ಹೊರಗಿನವರಿಗೆ ಮನೆ ಮಾರಬೇಕಾದರೆ ಪೋಳಿನ ಪಂಚರ ಒಪ್ಪಿಗೆ ಬೇಕಾಗಿತ್ತು. ಉದ್ದೇಶ ಒಳ್ಳೆಯದು: ನೆಮ್ಮದಿಯಾಗಿದ್ದ ನೆರೆಗೆ ಕೆಡುಕು ಬಾರದಿರಲಿ ಎಂದು. ಆದರೆ ಅದೇ ನಿಯಮ ಬೇರೆಯವರನ್ನು ಬಾಗಿಲಿನಲ್ಲಿಯೇ ತಡೆಯುವುದಕ್ಕೂ ಒದಗುತ್ತದೆ. 1962ರಲ್ಲಿ ಭಾವು ರಾಮ್ ಮತ್ತು ಬೈಜನಾಥ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪಕ್ಕದ ಮನೆಯವನು ಎಂಬ ಒಂದೇ ಕಾರಣಕ್ಕೆ ಸಿಗುವ ಈ ಹಕ್ಕು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದಿತು. ಧರ್ಮ, ಜಾತಿ ನೋಡಿ ಅಪರಿಚಿತರನ್ನು ದೂರವಿಡುವ ಉದ್ದೇಶವನ್ನು ಸಂವಿಧಾನ ಬಂದ ಮೇಲೆ ಎತ್ತಿಹಿಡಿಯಲಾಗದು ಎಂಬುದು ಅದರ ವಾದದ ಒಂದು ಭಾಗವಾಗಿತ್ತು. ನಮ್ಮ ಫಿಕ್ಹಿನ ವಿದ್ಯಾರ್ಥಿಗಳು ಈ ತೀರ್ಪನ್ನು ಓದಬೇಕೆಂದು ನಾನು ಹೇಳುತ್ತಿರುತ್ತೇನೆ, ಒಪ್ಪಲಿಕ್ಕಾಗಿ ಅಲ್ಲ, ಯೋಚಿಸಲಿಕ್ಕಾಗಿ.

ಕೋರ್ಟು ಹಾಗೆಂದಿತು, ಆದರೆ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು. ಹೆಸರು ಕೇಳಿದ ಮೇಲೆ ಮನೆ ಖಾಲಿ ಇಲ್ಲ ಎನ್ನುವವರಿದ್ದಾರೆ. ಅದಕ್ಕೆ ಉತ್ತರವಾಗಿ ನಾವು ನಮ್ಮದೇ ಬಡಾವಣೆಗಳಿಗೆ ಸರಿಯುತ್ತಿದ್ದೇವೆ, ನಮ್ಮಲ್ಲಿಯೂ ಬೇರೆಯವರಿಗೆ ಮನೆ ಕೊಡಲು ಹಿಂಜರಿಯುವವರಿದ್ದಾರೆ. ಭಯಕ್ಕೆ ಕಾರಣಗಳಿಲ್ಲದೆ ಇಲ್ಲ, ಗಲಭೆಯ ದಿನಗಳನ್ನು ಕಂಡವರು ಹಾಗೆ ಯೋಚಿಸಿದರೆ ಅವರನ್ನು ದೂರಲಾಗದು. ಆದರೆ ಒಂದು ವಿಷಯ ಶಿಕ್ಷಕನಾಗಿ ಹೇಳಬೇಕು. ಇಂದು ನಮ್ಮ ಅನೇಕ ಮಕ್ಕಳು ಕನ್ನಡವನ್ನು ಪುಸ್ತಕದಿಂದ ಕಲಿಯುತ್ತಾರೆ. ಅವರ ಅಜ್ಜಿಯರು ಹಿತ್ತಿಲ ಗೋಡೆಯಿಂದ ಕಲಿತಿದ್ದರು. ಅಕ್ಷರ ಬಾರದ ಅಜ್ಜಿಯ ಕನ್ನಡ ಎಸ್.ಎಸ್.ಎಲ್.ಸಿ. ಓದುವ ಮೊಮ್ಮಗಳ ಕನ್ನಡಕ್ಕಿಂತ ಸರಾಗವಾಗಿರುವುದು ಇದರಿಂದಲೇ. ಅತ್ತ ಹೊಸ ಬಡಾವಣೆಗಳ ಕನ್ನಡದ ಮಕ್ಕಳಿಗೆ ಈದಿನ ತಟ್ಟೆ ಎಂದರೇನೆಂದು ಗೊತ್ತಿಲ್ಲ. ಭಾಷೆಯ ಅಂಕ ಕಡಿಮೆಯಾದರೆ ಟ್ಯೂಷನ್ ಇಡಬಹುದು, ಇದಕ್ಕೆ ಟ್ಯೂಷನ್ ಇಲ್ಲ.

ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನು ಪ್ರತಿವರ್ಷ ಒಂದು ಕೆಲಸ ಕೊಡುತ್ತೇನೆ. ಮನೆಯ ಹಿರಿಯರನ್ನು ಕೂರಿಸಿಕೊಂಡು ಅವರು ಚಿಕ್ಕಂದಿನಲ್ಲಿ ಇದ್ದ ಬೀದಿಯ ನಕ್ಷೆ ಬರೆಯಬೇಕು. ಮನೆಮನೆಯ ಮುಂದೆ ಅಲ್ಲಿದ್ದವರನ್ನು ಏನೆಂದು ಕರೆಯುತ್ತಿದ್ದರು, ಅವರ ಕಸುಬು ಏನು, ಅಲ್ಲಿ ಯಾವ ಮರ ಇತ್ತು, ನಲ್ಲಿ ಎಲ್ಲಿತ್ತು ಎಂದು ಬರೆಯಬೇಕು. ಅದರ ಪಕ್ಕದಲ್ಲಿಯೇ ಈಗ ತಾವಿರುವ ಬೀದಿಯ ನಕ್ಷೆ. ಮೊದಲನೆಯ ನಕ್ಷೆಯಲ್ಲಿ ಜಾಗ ಸಾಲದೆ ಹಾಳೆಯ ಹಿಂದೆಯೂ ಬರೆದಿರುತ್ತಾರೆ. ಎರಡನೆಯದರಲ್ಲಿ ಮನೆ ನಂಬರು ಮಾತ್ರ ಇರುವ ಚೌಕಗಳೇ ಹೆಚ್ಚು. ಹೋದ ವರ್ಷ ಒಬ್ಬ ಹುಡುಗಿ ಆ ಖಾಲಿ ಚೌಕಗಳನ್ನು ತುಂಬುವುದಕ್ಕೆಂದು ನಾಲ್ಕು ಮನೆಗಳ ಬಾಗಿಲು ತಟ್ಟಿದಳು. ಮೂರು ಮನೆಯವರು ಏನು ಮಾರಲು ಬಂದಿದ್ದೀಯ ಎಂದು ಕೇಳಿದರಂತೆ.

ನಾಲ್ಕನೆಯ ಮನೆಯ ವೃದ್ಧೆ ಅವಳನ್ನು ಒಳಗೆ ಕರೆದು, ತನ್ನ ಹಳೆಯ ಬೀದಿಯ ಚೌಕಾಬಾರದಲ್ಲಿ ಒಂದಾದರೂ ಕಾಯಿ ಹೊಡೆಯದೆ ಒಳಮನೆಗೆ ಹೋಗುವಂತಿರಲಿಲ್ಲ ಎಂದು ನಿಯಮ ಹೇಳಿಕೊಟ್ಟರು. ಹುಡುಗಿಯ ದಾದಿ ಅದನ್ನು ಒಪ್ಪಲಿಲ್ಲ. ತಮ್ಮ ಬೀದಿಯಲ್ಲಿ ಹಾಗಿರಲಿಲ್ಲ ಎಂದರು. ಈಗ ಶುಕ್ರವಾರ ಬಿಟ್ಟು ಉಳಿದ ಸಂಜೆಗಳಲ್ಲಿ ಆ ಇಬ್ಬರೂ ಕೂತು ಅದನ್ನು ವಾದಿಸುತ್ತಿದ್ದಾರೆಂದೂ, ಕವಡೆ ಸಿಗದೆ ಹುಣಸೆ ಬೀಜ ತೇಯುವ ಕೆಲಸ ತನ್ನ ಪಾಲಿಗೆ ಬಂದಿದೆಯೆಂದೂ ಹುಡುಗಿ ತನ್ನ ವರದಿಯ ಕೊನೆಯಲ್ಲಿ ಬರೆದಿದ್ದಳು.